ದೊಡ್ಡಮ್ಮನ ಗಂಟಲು

ನಮ್ಮ ದೊಡ್ಡಮ್ಮ ಮಾತಾಡಿದರೆ ಪಕ್ಕದಲ್ಲಿದ್ದವರೂ ಕಿವಿ ಮುಂದೆ ಮಾಡಬೇಕು. ಮದುವೆಗೆ ಮುಂಚಿನಿಂದಲೂ ಒಂದೇ ಶಾಖಾ ಗ್ರಂಥಾಲಯದಲ್ಲಿ ಅವಳ ಕೆಲಸ. ಅಲ್ಲಿ ಅಂಟಿದ ಪಿಸುದನಿ ಮನೆಗೂ ಬಂತು. ತರಕಾರಿಯವನ ಹತ್ತಿರವೂ ಪಿಸುಗುಟ್ಟಿಯೇ ಚೌಕಾಸಿ ಮಾಡುತ್ತಿದ್ದಳು. ಏನೋ ಗುಟ್ಟಿನ ವಿಷಯವಿರಬೇಕೆಂದು ಅವನೂ ಬಗ್ಗಿ ಕೇಳಿ ಬೆಲೆ ಇಳಿಸಿಬಿಡುತ್ತಿದ್ದ. ನಾವು ಅವಳಿಗಿಟ್ಟ ಹೆಸರು 'ಶ್ ದೊಡ್ಡಮ್ಮ'.

ಗ್ರಂಥಾಲಯದೊಳಗೆ ಮಾತ್ರ ಅವಳದೇ ದರ್ಬಾರು. ಕುರ್ಚಿ ಎಳೆದ ಸದ್ದಾದರೆ ತಲೆ ಎತ್ತುವಳು, ಅಷ್ಟೇ. ಎಂಥ ದೊಡ್ಡ ಮನುಷ್ಯನೂ ಕುರ್ಚಿಯನ್ನು ಎತ್ತಿ ಇಡುತ್ತಿದ್ದ. ಮಕ್ಕಳೆಂದರೆ ಅವಳಿಗೆ ತಲೆನೋವು. ಚಿಕ್ಕವಳಿದ್ದಾಗ ಒಮ್ಮೆ ಸೀನಿದ್ದಕ್ಕೆ ನನ್ನನ್ನೇ ಹೊರಗೆ ಕೂರಿಸಿದ್ದಳು. ಆ ಸಿಟ್ಟು ನನಗೆ ಈಗಲೂ ಪೂರ್ತಿ ಇಳಿದಿಲ್ಲ.

ಬರಬರುತ್ತಾ ಓದುಗರು ಕಡಿಮೆಯಾದರು. ದಿನಪತ್ರಿಕೆಗೆಂದು ಬರುವ ನಿವೃತ್ತ ಬಸ್ ಡ್ರೈವರ್ ಮಾಮ, ಪರೀಕ್ಷೆಗೆ ಓದುವ ಒಂದಿಬ್ಬರು, ಅಷ್ಟೇ ಉಳಿದದ್ದು. ಕೇಂದ್ರ ಕಚೇರಿಯ ಮೇಲಧಿಕಾರಿ ಬಂದು ಖಡಾಖಂಡಿತವಾಗಿ ಹೇಳಿದರು: ಕಿಟಕಿ ಪಕ್ಕದ ಕೋಣೆಯಲ್ಲಿ ಪ್ರತಿ ಶನಿವಾರ ಮಕ್ಕಳಿಗೆ ಕತೆ ಓದಿ ಹೇಳಬೇಕು, ಶಾಲೆಯ ರಜೆ ಮುಗಿಯುವುದರೊಳಗೆ ಮಕ್ಕಳು ಸೇರದಿದ್ದರೆ ಶಾಖೆಗೆ ಬೀಗ, ಪುಸ್ತಕಗಳು ಗೋದಾಮಿಗೆ. ಅಂದು ದೊಡ್ಡಮ್ಮ ಊಟ ಬಿಟ್ಟಳು.

"ಬಾಗಿಲು ಹಾಕಿದ್ರೆ ನಾನೆಲ್ಲಿಗೆ ಹೋಗ್ಲಿ?" ಎಂದು ನನ್ನನ್ನು ಕೇಳಿದಳು. ನನಗೆ ಅಯ್ಯೋ ಅನ್ನಿಸಿತು.

ಮೊದಲ ಶನಿವಾರ ಬಂದ ಮಕ್ಕಳಿಗೆ ಅವಳು ಕತೆ ಓದಿದ್ದು ಪಿಸುದನಿಯಲ್ಲೇ. ಹಿಂದೆ ಕೂತವರು ಒಂದಕ್ಷರವೂ ಕೇಳಿಸದೆ, ಮುಸಿಮುಸಿ ನಕ್ಕು ಎದ್ದು ಹೋದರು. ಎರಡು ಜಡೆಯ ಮೊಂಡು ಹುಡುಗಿಯೊಬ್ಬಳು ಮಾತ್ರ ತೆವಳಿಕೊಂಡು ದೊಡ್ಡಮ್ಮನ ಮಂಡಿಯ ಹತ್ತಿರ ಬಂದು ಕೂತಳು. ಗಟ್ಟಿಯಾಗಿ ಓದು ಎಂದು ನಾನು ಆಮೇಲೆ ಗೋಗರೆದೆ. ಆ ಗೋಡೆಗಳ ನಡುವೆ ತನಗೆ ದನಿಯೇ ಏಳುವುದಿಲ್ಲ ಎಂದುಬಿಟ್ಟಳು.

ಮುಂದಿನ ವಾರ ಆ ಹುಡುಗಿ ಗೆಳತಿಯರನ್ನು ಎಳೆದು ತಂದು ಒತ್ತೊತ್ತಾಗಿ ಕೂರಿಸಿದಳು. ಅವರ ಹಿಂದೆ ತಮ್ಮಂದಿರು, ತಂಗಿಯರು ಬಂದರು. ಗುಟ್ಟು ಕೇಳುವವರಂತೆ ಎಲ್ಲರೂ ದೊಡ್ಡಮ್ಮನ ಮೈಮೇಲೇ ಬೀಳತೊಡಗಿದರು. ಯಾರಾದರೂ ಕೆಮ್ಮಿದರೆ ಅವರವರೇ ಬಾಯಿ ಮುಚ್ಚಿಸುತ್ತಿದ್ದರು. ಸುಮ್ಮನಿರಿ ಅನ್ನುವ ಕೆಲಸ ದೊಡ್ಡಮ್ಮನಿಗೆ ತಪ್ಪಿತು.

ರಜೆಯ ಕೊನೆಯ ಶನಿವಾರ ಮೇಲಧಿಕಾರಿ ಬಂದಾಗ ನಾನೂ ಅಲ್ಲಿದ್ದೆ. ಹೊರಬಾಗಿಲಲ್ಲಿ ನಿಂತು ಕಿವಿಗೊಟ್ಟರು. ಗದ್ದಲವಿಲ್ಲ, ಗಲಾಟೆಯಿಲ್ಲ. ಮಕ್ಕಳು ಬಂದಿಲ್ಲ, ಇನ್ನು ನೋಡುವುದೇನು ಎಂದು ಡ್ರೈವರ್ ಮಾಮನಿಗೆ ಹೇಳಿ ಹೊರಟೇಬಿಟ್ಟರು. ನಾನು ಓಡಿ ಹೋಗಿ ತಡೆದು, ಕೋಣೆಯ ಬಾಗಿಲವರೆಗೆ ಕರೆತಂದೆ.

ಅವರನ್ನು ಕಂಡದ್ದೇ ದೊಡ್ಡಮ್ಮ ಅಭ್ಯಾಸಬಲದಿಂದ ಪುಸ್ತಕ ಮುಚ್ಚಿ ಎದ್ದು ನಿಂತಳು. ಕತೆ ಅರ್ಧಕ್ಕೇ ನಿಂತಿತು. ಕೋಣೆ ತುಂಬ ಕೂತಿದ್ದ ಮಕ್ಕಳು ಒಟ್ಟಿಗೆ ಕೂಗಿದರು:

"ಆಮೇಲೆ?"

ಹೊರಗೆ ಡ್ರೈವರ್ ಮಾಮನ ಪತ್ರಿಕೆ ಕೈಜಾರಿ ಬಿತ್ತು. ದೊಡ್ಡಮ್ಮ ಇನ್ನೇನು ಗದರುತ್ತಾಳೆಂದು ನಾನು ಅವಳ ಮುಖ ನೋಡಿದೆ. ಅವಳು ತಿರುಗಿದ್ದು ಮೇಲಧಿಕಾರಿಯ ಕಡೆಗೆ.

"ಕೂತ್ಕೊಳ್ಳಿ ಸಾರ್, ಕತೆ ಮುಗೀಲಿ," ಎಂದಳು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.

ಅವರು ತೆಪ್ಪಗೆ ಮಕ್ಕಳ ಸ್ಟೂಲಿನ ಮೇಲೆ ಕೂತರು. ದೊಡ್ಡಮ್ಮ ಪುಸ್ತಕ ತೆರೆದು ಮತ್ತೆ ಪಿಸುದನಿಗಿಳಿದಳು. ಸ್ವಲ್ಪ ಹೊತ್ತಿನಲ್ಲಿ ಮೇಲಧಿಕಾರಿ ಎದ್ದು, ಸ್ಟೂಲನ್ನು ಸದ್ದಾಗದಂತೆ ಎತ್ತಿ, ಇನ್ನಷ್ಟು ಮುಂದೆ ಹಾಕಿಕೊಂಡರು. ಬೀಗದ ಮಾತು ಮತ್ತೆ ಎತ್ತಲಿಲ್ಲ.