ಚಪ್ಪಾಳೆ ಮುಗಿದ ಮೇಲಿನ ಐದು ಮೆಟ್ಟಿಲು

ಬೆಳಗಿನ ಆರೂಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಮುರಿದ ಮಂಚಗಳ ಗೋದಾಮಿಗೂ ನಡುವಿನ ಬಾಗಿಲೊಂದನ್ನು ಆಕೆ ಭುಜದಿಂದ ನೂಕಿ ಒಳಗೆ ಬರುತ್ತಾರೆ. ಬಾಗಿಲು ನೆಲಕ್ಕೆ ಉಜ್ಜುತ್ತದೆ. ರಿಪೇರಿಗೆಂದು ಮೂರು ಸಲ ಬರೆದುಕೊಟ್ಟಾಗಿದೆ. ದೀಪ ಹಾಕಿದ ಕೂಡಲೇ ಬೋಗುಣಿಯ ಬಿಸಿನೀರಿನಲ್ಲಿ ಎರಡೂ ಕೈ ಮುಳುಗಿಸಿ ನಿಲ್ಲುತ್ತಾರೆ. "ತಣ್ಣಗಿರೋ ಕೈ ತಾಗಿದ್ರೆ ಸ್ನಾಯು ಬಿಗಿದುಕೊಳ್ಳುತ್ತೆ. ಮೊದಲೇ ಇಲ್ಲಿಗೆ ಬರೋರು ನನ್ನ ಮುಖ ಕಂಡ್ರೇನೇ ಬಿಗಿದುಕೊಳ್ತಾರೆ," ಎಂದು ನಗುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನಾನೂ ಫೋಟೋ ತೆಗೆಯುವ ಗೆಳೆಯನೂ ಮೂಲೆಯಲ್ಲಿ ಎರಡು ಸ್ಟೂಲು ಹಾಕಿಕೊಂಡು ಕೂತಿದ್ದೇವೆ.

ಆಕೆ ಈ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್. ಇಲ್ಲಿ ಯಾರಿಗೂ ಅವರ ಹೆಸರು ಬೇಕಿಲ್ಲ, 'ಇನ್ನೊಂದ್ಸಲ ಮೇಡಂ' ಅಂದರೆ ಸಾಕು. ಕಾಲೆತ್ತಿ, ಇನ್ನೊಂದ್ಸಲ. ಬೆರಳು ಬಿಡಿಸಿ, ಇನ್ನೊಂದ್ಸಲ. ಆ ಇನ್ನೊಂದು ಸಲ ಯಾವತ್ತೂ ಕೊನೆಯ ಸಲ ಆಗಿರುವುದಿಲ್ಲ ಎನ್ನುವುದು ರೋಗಿಗಳಿಗೆ ಎರಡನೇ ದಿನವೇ ಗೊತ್ತಾಗಿಬಿಡುತ್ತದೆ.

ಆರೂವರೆಗೆ ಬರುವವರು ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್. ವಯಸ್ಸು ನಲವತ್ತೊಂದು. ಹೆಂಡತಿ ಗಾಲಿಕುರ್ಚಿ ತಳ್ಳುತ್ತಾರೆ, ಆತ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿರುತ್ತಾರೆ. ಸೊಂಟದೆತ್ತರದ ಎರಡು ಉದ್ದನೆಯ ಕಂಬಿಗಳ ನಡುವೆ ಕುರ್ಚಿ ನಿಲ್ಲಿಸಿ, ಗಾಲಿಗೆ ಬ್ರೇಕ್ ಹಾಕಿ, ಮೇಡಂ ಮೊಣಕಾಲೂರಿ ಕೂರುತ್ತಾರೆ.

"ಇವತ್ತು ಎದ್ದು ನೋಡೋಣ್ವಾ?"

"ಬೇಡ."

"ಕಂಬಿ ಹಿಡ್ಕೊಂಡು, ಹತ್ತು ಎಣಿಸೋವರೆಗೆ."

"ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ ನಿಮಗೆ?"

ಪೇಂಟರ್ ಕೆಳಗೆ ಬಿದ್ದು, ಎಡತೊಡೆಯ ಮೂಳೆ ಮುರಿದು, ಅದಕ್ಕೆ ಸರಳು ಕೂರಿಸಿ ಇವತ್ತಿಗೆ ಹತ್ತೊಂಬತ್ತು ದಿನ. ಎರಡನೇ ದಿನದಿಂದಲೇ ಕಂಬಿ ಹಿಡಿದು ನಿಲ್ಲಬೇಕಿತ್ತು, ಒಮ್ಮೆಯೂ ನಿಂತಿಲ್ಲ. ಮಲಗಿದ ಕಾಲು ಸುಮ್ಮನೆ ಮಲಗಿರುವುದಿಲ್ಲ, ದಿನದಿನಕ್ಕೆ ಕರಗುತ್ತಾ ಹೋಗುತ್ತದೆ. ಮೇಡಂ ಪ್ರತಿ ಸೋಮವಾರ ಅಳತೆ ಟೇಪು ಹಿಡಿದು ಆ ತೊಡೆಯ ಸುತ್ತಳತೆ ತೆಗೆಯುತ್ತಾರೆ. ಎರಡೂವರೆ ಸೆಂಟಿಮೀಟರ್ ಈಗಾಗಲೇ ಹೋಗಿದೆ. ಇನ್ನು ಎರಡು ವಾರ ಹೀಗೇ ಹಟ ಹಿಡಿದರೆ ಆತ ಈ ಕುರ್ಚಿಯಲ್ಲೇ ಉಳಿದುಹೋಗಬಹುದು ಎಂದು ಅವರು ನನ್ನನ್ನು ಬಾಗಿಲ ಹೊರಗೆ ಕರೆದು ಹೇಳುತ್ತಾರೆ.

ಫಿಸಿಯೋಥೆರಪಿ ಅಂದರೆ ಮಸಾಜಿಗೆ ಇಟ್ಟ ದೊಡ್ಡ ಹೆಸರು ಎಂದೇ ನಾನು ತಿಳಿದಿದ್ದೆ. ಅವರ ಅತ್ತೆಯೂ ಹಾಗೇ ತಿಳಿದಿದ್ದಾರೆ. "ನಮ್ಮ ಸೊಸೆ ಆಸ್ಪತ್ರೇಲಿ ಕೈಕಾಲು ಒತ್ತೋ ಕೆಲಸದಲ್ಲಿದಾಳೆ" ಎಂದು ಪಕ್ಕದ ಮನೆಯವರಿಗೆ ಹೇಳುವಾಗ ದನಿ ತಗ್ಗಿಸುತ್ತಾರಂತೆ. ನಾಲ್ಕು ವರ್ಷ ಓದಿ, ಆರು ತಿಂಗಳು ವಾರ್ಡುಗಳಲ್ಲಿ ದುಡಿದು ಪಡೆದ ಪದವಿ ಅದು. ಮದುವೆ ಮನೆಗೆ ಹೋದರೆ ಚಿಕ್ಕಪ್ಪಂದಿರೆಲ್ಲ ಸಾಲಾಗಿ ಸೊಂಟ ಹಿಡಿದುಕೊಂಡು ಬರುತ್ತಾರೆ. ಹತ್ತನೇ ತರಗತಿಯ ಮಗಳು ಇನ್ನೂ ಒಂದು ಹೆಜ್ಜೆ ಮುಂದೆ. "ಅಮ್ಮಾ, ನಿನ್ನ ಕೆಲಸ ಎಲ್ಲಾ ಮೊಬೈಲಲ್ಲೇ ಬರುತ್ತೆ, ನೋಡ್ಕೊಂಡು ಮಾಡ್ಕೋಬಹುದು" ಅಂದಳಂತೆ. ಮೇಲಿನ ಮಹಡಿಯ ಡಾಕ್ಟರುಗಳು ಚೀಟಿಯಲ್ಲಿ 'ಫಿಸಿಯೋ, ಹತ್ತು ದಿನ' ಎಂದು ಗೀಚಿ ಕಳಿಸುತ್ತಾರೆ, ಕೆಮ್ಮಿನ ಔಷಧಿ ಬರೆದುಕೊಟ್ಟ ಹಾಗೆ.

ನಿಜವಾದ ಕೆಲಸ ಬೇರೆಯೇ. ಪೆಟ್ಟು ಬಿದ್ದ ನರಕ್ಕೆ ದಾರಿ ಮರೆತುಹೋಗಿರುತ್ತದೆ. ಕಾಲು ಎತ್ತು ಅಂತ ಮಿದುಳು ಹೇಳಿದ್ದು ಕಾಲಿಗೆ ಮುಟ್ಟುವುದೇ ಇಲ್ಲ. ಅದನ್ನು ನೂರು ಸಲ, ಸಾವಿರ ಸಲ ಅದೇ ದಾರಿಯಲ್ಲಿ ನಡೆಸಬೇಕು. ಮೊದಲು ಮಗ್ಗುಲಾಗುವುದು, ಆಮೇಲೆ ಬೀಳದೆ ಕೂರುವುದು, ಆಮೇಲೆ ನಿಲ್ಲುವುದು. ಇದಕ್ಕೆಲ್ಲ ಮೊದಲ ಅಡ್ಡಿ ಮನೆಯವರ ಪ್ರೀತಿ ಎನ್ನುತ್ತಾರೆ ಮೇಡಂ. "ಪಾಪ ನೋವಾಗುತ್ತೆ ಅಂತ ಊಟ ಬಾಯಿಗಿಡ್ತಾರೆ, ಲೋಟ ತುಟಿಗೆ ಹಿಡೀತಾರೆ. ಕೈ ಯಾಕೆ ಕೆಲಸ ಮಾಡುತ್ತೆ ಹೇಳಿ? ನಾನು ಲೋಟ ದೂರ ಇಡ್ತೀನಿ. ಅದಕ್ಕೇ ನಾನು ಕಟುಕಿ."

ಇಪ್ಪತ್ತಮೂರು ವರ್ಷದಿಂದ ಇದೇ ಕೋಣೆ. ಮಂಜೂರಾದ ಹುದ್ದೆ ಮೂರು, ಅದರಲ್ಲಿ ಎರಡು ಖಾಲಿ. ದಿನಕ್ಕೆ ಮೂವತ್ತನಾಲ್ಕು ಜನ, ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಕಮ್ಮಿಯೆಂದರೂ ನಲವತ್ತು ನಿಮಿಷ ಬೇಕು ಅನ್ನುವುದು ಪುಸ್ತಕದ ಮಾತು. ದೊಡ್ಡ ದೊಡ್ಡ ಮೈಗಳನ್ನು ಎತ್ತಿ ಎತ್ತಿ ಅವರ ಬಲಗೈ ಹೆಬ್ಬೆರಳಿನ ಬುಡ ಗಂಟು ಕಟ್ಟಿದೆ. ಅದಕ್ಕೆ ಮನೆಯಲ್ಲಿ ಶಾಖ ಕೊಡುವವರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಗಂಡ.

ಈಗ ಪೇಂಟರ್ ಬಿದ್ದ ಕತೆಗೆ ಬರುತ್ತೇನೆ. ಆತ ಬಿದ್ದದ್ದು ಎರಡು ಸಲ. ಮೊದಲನೆಯದು ಹೋದ ವರ್ಷ, ಎರಡನೇ ಮಹಡಿಯೆತ್ತರಕ್ಕೆ ಬೊಂಬು ಕಟ್ಟಿ ನಿಲ್ಲಿಸಿದ್ದ ಸಾರುವೆಯಿಂದ. ಬೆನ್ನುಮೂಳೆ ಜಜ್ಜಿ ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಆಸ್ಪತ್ರೆಯ ಹಿರಿಯ ಸರ್ಜನ್ ಮೂರೂವರೆ ಗಂಟೆ ಆಪರೇಷನ್ ಮಾಡಿ ನರದ ಮೇಲಿನ ಒತ್ತಡ ತೆಗೆದರು. ದೊಡ್ಡ ಕೆಲಸವೇ, ಇಲ್ಲ ಅನ್ನುವುದಿಲ್ಲ. ಆಮೇಲಿನ ಎಂಟು ತಿಂಗಳು ಈ ನೆಲಮಾಳಿಗೆಯದು. ಕಾಲ್ಬೆರಳು ಮೊದಲ ಸಲ ಅಲ್ಲಾಡಿದ್ದು ಐವತ್ಮೂರನೇ ದಿನ. ಎಂಟನೇ ತಿಂಗಳಿಗೆ ಆತ ಒಂದು ಕೋಲು ಹಿಡಿದು ವಾರ್ಡಿನ ಉದ್ದಕ್ಕೂ ನಡೆಯುತ್ತಿದ್ದರು.

ಆಗ ಬಂತು ಆಸ್ಪತ್ರೆಯ ಬೆಳ್ಳಿಹಬ್ಬ. ಸರ್ಜನ್‌ಗೆ ಸನ್ಮಾನ. ಸ್ವಾಧೀನ ಕಳೆದುಕೊಂಡಿದ್ದ ರೋಗಿ ತಾನೇ ನಡೆದು ಬಂದು, ಐದು ಮೆಟ್ಟಿಲು ಹತ್ತಿ, ಹೂಗುಚ್ಛ ಕೊಡಬೇಕು ಎಂದು ಆಡಳಿತದ ಮ್ಯಾನೇಜರ್ ಯೋಚನೆ ಮಾಡಿದರು. ಹನ್ನೆರಡು ದಿನದಲ್ಲಿ ತಯಾರು ಮಾಡಿ, ಕೋಲು ಇರಕೂಡದು ಎಂದು ಮೇಡಂಗೆ ಅಪ್ಪಣೆಯಾಯಿತು. ಹೂಗುಚ್ಛ ದೊಡ್ಡದು, ಎರಡೂ ಕೈ ಬೇಕು.

"ಒಂದೇ ಒಂದು ಹೂ ಕೊಡಿಸಿ ಸಾರ್, ಇನ್ನೊಂದು ಕೈಲಿ ಕೋಲಿರಲಿ ಅಂದೆ. ಒಂದು ಹೂ ಹಿಡ್ಕೊಂಡು ಹೋದ್ರೆ ಹುಡುಗಿ ನೋಡೋಕೆ ಹೋದಂಗಿರುತ್ತೆ ಅಂತ ನಕ್ಕರು," ಎನ್ನುತ್ತಾರೆ ಮೇಡಂ.

ಅವರ ಕೋಣೆಯಲ್ಲಿ ಒಂದು ಮರದ ಮೆಟ್ಟಿಲಿದೆ. ಮೂರು ಹತ್ತಬೇಕು, ಮೂರು ಇಳಿಯಬೇಕು, ಅದು ಎಲ್ಲಿಗೂ ಹೋಗುವುದಿಲ್ಲ. ಹನ್ನೆರಡು ದಿನ ಅದರ ಮೇಲೆ ತಾಲೀಮು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಸಮಾರಂಭದ ದಿನ ಇಳಿಯುವ ಕಡೆ ನಿಂತಿರುತ್ತೇನೆ, ಕೈ ಕೊಡುತ್ತೇನೆ ಎಂದು ಮೇಡಂ ಕೇಳಿಕೊಂಡರು. ಫೋಟೋದಲ್ಲಿ ಅಡ್ಡ ಬರುತ್ತೀರಿ ಎಂದು ಅವರನ್ನು ಕೊನೆಯ ಸಾಲಿಗೆ ಕಳಿಸಿದರು.

ಪೇಂಟರ್ ಐದೂ ಮೆಟ್ಟಿಲು ಹತ್ತಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೂಗುಚ್ಛ ಕೈ ಬದಲಾಯಿತು, ಕ್ಯಾಮೆರಾಗಳು ಮಿಂಚಿದವು. ಆಮೇಲೆ ಸರ್ಜನ್ ಬಗ್ಗೆ ತಯಾರಿಸಿದ ಸಾಕ್ಷ್ಯಚಿತ್ರ ತೋರಿಸಬೇಕಿತ್ತಲ್ಲ, ದೀಪ ಆರಿಸಿದರು. ಆತ ಇನ್ನೂ ವೇದಿಕೆಯಿಂದ ಇಳಿದಿಲ್ಲ ಎನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಮೂರನೇ ಮೆಟ್ಟಿಲಿನಲ್ಲಿ ಕಾಲು ತಪ್ಪಿತು. ಅದೇ ಸರ್ಜನ್ ತೊಡೆಗೆ ಸರಳು ಹಾಕಿಸಿ, ಎರಡನೇ ಆಪರೇಷನ್ ಕೂಡ ಯಶಸ್ವಿ ಎಂದರು. ಮರುದಿನದ ಪತ್ರಿಕೆಗಳಲ್ಲಿ ಹೂಗುಚ್ಛದ ಫೋಟೋ ಬಂತು, ನಮ್ಮ ಪತ್ರಿಕೆಯಲ್ಲೂ ಬಂತು. ಬಿದ್ದದ್ದನ್ನು ಯಾರೂ ಬರೆಯಲಿಲ್ಲ.

ವಾರ ಕಳೆದ ಮೇಲೆ ಮೇಡಂಗೆ ನೋಟಿಸ್ ಬಂತು. ತಯಾರಾಗಿರದ ರೋಗಿಯನ್ನು ಕೋಲಿಲ್ಲದೆ ಮೆಟ್ಟಿಲು ಹತ್ತಲು ಬಿಟ್ಟದ್ದು ಯಾಕೆ, ವಿವರಣೆ ಕೊಡಿ ಎಂದು. ಎಂಥಾ ಅನ್ಯಾಯ ಅಂದೆ. ಆಕೆ ತಲೆಯಾಡಿಸಲಿಲ್ಲ.

"ಕಳಿಸಿದೋರು ಸರಿ ಇಲ್ಲ, ಆದ್ರೆ ಕೇಳಿದ್ದು ಸರಿಯಾಗೇ ಇದೆ. ನಾನು ಬೇಡ ಅನ್ನಬಹುದಿತ್ತು. ಆಗಲ್ಲ, ಕಳಿಸಲ್ಲ ಅಂತ ಬರೆದುಕೊಟ್ಟಿದ್ರೆ ಏನ್ ಮಾಡೋರು? ಬೈತಿದ್ರು, ಅಷ್ಟೇ. ಯಾಕೆ ಅನ್ನಲಿಲ್ಲ ಗೊತ್ತಾ? ಇಪ್ಪತ್ತಮೂರು ವರ್ಷದಲ್ಲಿ ಒಂದ್ಸಲ ಎಲ್ಲರೂ ನೋಡ್ಲಿ ಅಂತ ನನಗೂ ಆಸೆ ಆಯ್ತು. ಅವತ್ತು ಒಳ್ಳೇ ಬಟ್ಟೆ ಹಾಕ್ಕೊಂಡು ಹೋಗಿದ್ದೆ. ಮೈಕಲ್ಲಿ ನನ್ನ ಹೆಸರು ಹೇಳಿ ಎದ್ದು ನಿಲ್ಲಿ ಅಂದ್ರೆ ಅಂತ."

ನಾನು ಬಾಗಿಲ ಹೊರಗೆ ನಿಂತಲ್ಲೇ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದೇನೆ. ನಾವು ಒಳಗೆ ಬರುವ ಹೊತ್ತಿಗೆ ನನ್ನ ಗೆಳೆಯ ಬೆಳಕು ನೋಡಿಕೊಂಡು, ಕ್ಯಾಮೆರಾ ಸಿದ್ಧ ಮಾಡಿಕೊಂಡಿದ್ದಾನೆ. ಕೆಟ್ಟವನಲ್ಲ, ಕೆಲಸದ ಹುರುಪು. "ಮೇಡಂ, ಇವರನ್ನ ಒಂದೇ ನಿಮಿಷ ಎಬ್ಬಿಸಿ ನಿಲ್ಲಿಸ್ತೀರಾ? ನೀವು ಪಕ್ಕದಲ್ಲಿ ಹಿಡ್ಕೊಂಡಿರಿ. ಈ ಸಲ ಫೋಟೋದಲ್ಲಿ ನೀವೂ ಇರ್ತೀರಿ," ಎನ್ನುತ್ತಾನೆ. ನಾನೂ ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಪುರವಣಿಯ ಮೊದಲ ಪುಟ ನನ್ನ ಕಣ್ಣ ಮುಂದೆಯೂ ಬಂದುಹೋಗಿತ್ತು.

ಗೋಡೆ ನೋಡುತ್ತಿದ್ದ ಪೇಂಟರ್ ಈಗ ಈ ಕಡೆ ತಿರುಗಿ ಮೇಡಂ ಮುಖವನ್ನೇ ನೋಡುತ್ತಾರೆ. ಅವರ ಹೆಂಡತಿಯ ಕೈ ಕುರ್ಚಿಯ ಹಿಡಿಯ ಮೇಲೆ ಬಿಗಿಯಾಗುತ್ತದೆ.

"ಬೇಡ," ಎನ್ನುತ್ತಾರೆ ಮೇಡಂ. "ಕೂತಿರೋದನ್ನೇ ತೆಗೀರಿ. ಇಲ್ಲಾಂದ್ರೆ ಫೋಟೋನೇ ಬೇಡ."

"ಒಂದು ನಿಮಿಷ ಅಷ್ಟೇ, ಮೇಡಂ..."

"ಅವರು ಯಾರಿಗೋಸ್ಕರಾನೂ ನಿಲ್ಲೋದು ಬೇಡ. ನಿಮಗೂ ಬೇಡ, ನನಗೂ ಬೇಡ. ದಯವಿಟ್ಟು ಆಚೆ ಇರಿ ಸ್ವಲ್ಪ."

ಪೇಂಟರ್ ಹೆಂಡತಿಯೂ ನಮ್ಮ ಜೊತೆ ಹೊರಗೆ ಬರುತ್ತಾರೆ. ಬಾಗಿಲು ಉಜ್ಜಿಕೊಂಡು ಮುಚ್ಚುತ್ತದೆ. ಪಕ್ಕದ ಕೋಣೆಯಲ್ಲಿ ಒಗೆಯುವ ಯಂತ್ರ ಗುಡುಗುತ್ತಿದೆ, ಒಳಗೆ ಏನಾಗುತ್ತಿದೆ ಎಂದು ಕೇಳಿಸುವುದಿಲ್ಲ. ಗೆಳೆಯ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆಯುತ್ತಾನೆ. ಪೇಂಟರ್ ಹೆಂಡತಿ ಬೆಂಚಿನ ತುದಿಯಲ್ಲಿ ಕೂತು, ಎರಡೂ ಅಂಗೈ ಜೋಡಿಸಿ ಮಂಡಿಗಳ ನಡುವೆ ಒತ್ತಿಕೊಂಡಿದ್ದಾರೆ. ಹದಿನೈದು ನಿಮಿಷ ಇಪ್ಪತ್ತಾಗುತ್ತದೆ, ಇಪ್ಪತ್ತೈದಾಗುತ್ತದೆ. ಮುಂದಿನ ರೋಗಿ ಬಂದು ಗೊಣಗತೊಡಗುತ್ತಾರೆ.

ಕೊನೆಗೆ ಮೇಡಂ ಹೊರಗೆ ಬರುತ್ತಾರೆ. ಹಣೆಯಲ್ಲಿ ಬೆವರಿದೆ, ಬಟ್ಟೆಯ ಒಂದು ಕಡೆಯ ತೋಳು ಮುದುಡಿ ಸುಕ್ಕಾಗಿದೆ.

"ನಿಂತರಾ?" ಎಂದು ಕೇಳುತ್ತೇನೆ.

"ಅದನ್ನ ಬರೀಬೇಡಿ," ಎನ್ನುತ್ತಾರೆ. ಆಮೇಲೆ ಪೇಂಟರ್ ಹೆಂಡತಿಯ ಕಡೆ ತಿರುಗಿ, "ನಾಳೆ ನೀವು ತಳ್ಳೋದು ಬೇಡ್ವಂತಮ್ಮ. ಅವರೇ ಗಾಲಿ ಉರುಳಿಸಿಕೊಂಡು ಬರ್ತಾರಂತೆ, ಆರೂವರೆಗೆ."