ಯಜಮಾನರು ಕಳಿಸಿದವನು

ಹೊನ್ನಾಳಿ. ಪೆಟ್ರೋಲು ಸಿಗದ ಯುದ್ಧಕಾಲ. ಚನ್ನಗಿರಿಗೆ ಹೋಗುವ ಇದ್ದಿಲಿನ ಬಸ್ಸು ಬಿಸಿಯಾಗುವವರೆಗೆ ಮಂಡಕ್ಕಿ ಅಂಗಡಿಯ ನೆರಳಲ್ಲಿ ಕಾದೆವು. ಪಕ್ಕದಲ್ಲಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಒಬ್ಬ ಹೊಸ ಮದುವಣಗಿತ್ತಿ ಕೂತಿದ್ದಳು. ತನ್ನನ್ನು ಕರೆದೊಯ್ಯಲು ಕೆರೆಬಿಳಚಿಯಿಂದ ಗಂಡ ಬರುತ್ತಾನೆಂದು ಅವಳು ಅಂಗಡಿಯ ಅಜ್ಜಿಗೆ ಹೇಳಿದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತ್ತು.

ಸ್ವಲ್ಪ ಹೊತ್ತಿಗೆ ಕರಿ ಕೋಟಿನವನೊಬ್ಬ ಏದುಸಿರು ಬಿಡುತ್ತ ಬಂದ.

“ನಿಮ್ಮ ಯಜಮಾನ್ರು ಗಾಡಿಯಿಂದ ಬಿದ್ದು ಚನ್ನಗಿರಿ ಆಸ್ಪತ್ರೆಯಾಗೆ ಅದಾರೆ ತಾಯಿ. ಕರಕಂಡು ಬಾ ಅಂತ ನನ್ನ ಕಳಿಸ್ಯಾರೆ. ಏಳ್ರಿ.”

ಹುಡುಗಿಯ ಮುಖ ಬಿಳಿಚಿತು. ಅವನು ಆಗಲೇ ಪೆಟ್ಟಿಗೆ ಎತ್ತಿಕೊಂಡಿದ್ದ. ಅವಳೂ ಎದ್ದಳು.

ಅಜ್ಜಿ ಬಾಣಲೆಯಿಂದ ಕಣ್ಣು ತೆಗೆಯದೆ ಕೇಳಿದಳು: “ಕಳಿಸಿದವ್ರ ಹೆಸ್ರೇನಪ್ಪಾ?”

“ಅದೇ ಅಜ್ಜಿ, ಇವ್ರ ಯಜಮಾನ್ರು.”

“ಗಂಡನ ಹೆಸ್ರು ಆಕೆ ಹೇಳಂಗಿಲ್ಲ. ನಿನಗೇನಾಗೈತೆ?”

ಅವನು ಹುಡುಗಿಯ ಕಡೆ ತಿರುಗಿದ. “ಹೊತ್ತಾಗ್ತೈತೆ, ನೀವೇ ಹೇಳಿಬಿಡ್ರಿ ತಾಯಿ.”

ಅವಳ ತುಟಿ ಅಲುಗಿತು. ಹೇಳಿಯೇಬಿಡುತ್ತಾಳೆ ಅಂದುಕೊಂಡೆ. ಆದರೆ ಗಂಡನ ಹೆಸರನ್ನು ಒಮ್ಮೆಯೂ ಆಡಿರದ ಬಾಯಿ ಅದು. ಸೆರಗು ಕಚ್ಚಿಕೊಂಡು ಮತ್ತೆ ಕೂತುಬಿಟ್ಟಳು. ಅವನು ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಬಸ್ಸಿನ ಮರೆಗೆ ಸರಿದ. ಹಿಡಿಯಬೇಕೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ.

ಬಸ್ಸು ಹೊರಟಾಗ ಹುಡುಗಿ ಪೆಟ್ಟಿಗೆಯ ಮೇಲೆಯೇ ಕೂತು ರಸ್ತೆ ನೋಡುತ್ತಿದ್ದಳು.

ಊರು ದಾಟಿದ ಮೇಲೆ ಹಿಂದಿನ ಸೀಟಿನವರು ಮುಂದಕ್ಕೆ ಬಾಗಿ ಬಹಳ ಮರ್ಯಾದೆಯಿಂದ ಕೇಳಿದರು: “ತಮ್ಮ ಹೆಸ್ರೇನ್ರಿ? ಯಾವ ಕಡೆಯವ್ರು?”

ನನ್ನ ಭುಜದ ಪಕ್ಕ ಕರಿ ಕೋಟಿನ ತೋಳು ಕಂಡಿತು.