ವಸ್ತಿ ಗಾಡಿಯ ಊಟ

ಸಿಂಧನೂರಿನ ಆ ಓಣಿಯಲ್ಲಿ ಅಕ್ಕಿ ಗಿರಣಿಯ ಸದ್ದು ನಿಲ್ಲುವುದು ಅಪರೂಪ. ಭತ್ತ ಮೇಲೇರುವಾಗ ಗರಗರ ಅನ್ನುತ್ತದೆ, ಹೊಟ್ಟು ಹಾರಿ ತಗಡಿಗೆ ಬಡಿಯುವಾಗ ದೂರದಲ್ಲೆಲ್ಲೋ ಮಳೆ ಬಂದ ಹಾಗೆ ಕೇಳುತ್ತದೆ. ಅಲ್ಲಿಯವರಿಗೆ ಅದು ಸದ್ದೇ ಅಲ್ಲ. ಕರೆಂಟು ಹೋಗಿ ಗಿರಣಿ ನಿಂತಾಗಲೇ ಅವರು ಮಾತು ನಿಲ್ಲಿಸಿ ಏನಾಯಿತೆಂದು ಕಿವಿಗೊಡುತ್ತಾರೆ.

ಗಿರಣಿಯ ಗೋಡೆಗೆ ಬೆನ್ನು ಕೊಟ್ಟ ಮನೆ ಸೂಗಪ್ಪನದು. ಹುಟ್ಟಿದ್ದು ಆ ಮನೆಯಲ್ಲೇ. ಚಿಕ್ಕಂದಿನಿಂದ ಗಿರಣಿಯ ಸದ್ದನ್ನು ಮೀರಿ ದನಿ ಏರಿಸಿ ಮಾತಾಡಿದ್ದರಿಂದ ಅವನ ಗಂಟಲು ಎಲ್ಲಿ ಹೋದರೂ ತಗ್ಗಲಿಲ್ಲ. ಸರ್ಕಾರಿ ಬಸ್ಸಿನ ಡ್ರೈವರ್ ಆದ ಮೇಲೆ ಅದು ಉಪಯೋಗಕ್ಕೂ ಬಂತು. ಹಿಂದಿನ ಸೀಟಿನವರಿಗೂ ಕೇಳುವಂತೆ ಬಯ್ಯಬಲ್ಲ, ಎದುರಿನ ಲಾರಿಯವನಿಗೂ ಕೇಳುವಂತೆ ನಗಬಲ್ಲ. ಬೆಳಿಗ್ಗೆ ಎದ್ದು ಮಿಂದು, ಲಿಂಗಪೂಜೆ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಂಡೇ ಖಾಕಿ ಅಂಗಿ ತೊಡುವವನು. ಬೇಸಿಗೆಯಲ್ಲಿ ಬೆವರು ಇಳಿದರೂ ವಿಭೂತಿ ಅಳಿಯದಂತೆ ಟವೆಲಿನ ತುದಿಯಿಂದ ಒತ್ತಿಕೊಳ್ಳುವ ಅಭ್ಯಾಸ. ಅವನ ಹೆಂಡತಿ ವೀರಭದ್ರಮ್ಮನಿಗೆ ಒಂದೇ ದೂರು. ಗಂಡ ಕತೆಗಳನ್ನೆಲ್ಲ ಲಿಂಗಸುಗೂರಿನಲ್ಲಿ ಖಾಲಿ ಮಾಡಿ ಮನೆಗೆ ಬರೀ ಆಕಳಿಕೆ ತರುತ್ತಾನೆ ಎಂದು.

ಅದು ನಿಜವೇ. ಲಿಂಗಸುಗೂರು ಬಸ್ ನಿಲ್ದಾಣದ ಹಿಂಭಾಗದಲ್ಲಿ ಡ್ರೈವರ್ ಕಂಡಕ್ಟರ್‌ಗಳು ದಣಿವಾರಿಸಿಕೊಳ್ಳುವ ಒಂದು ಕೋಣೆಯಿದೆ. ಎರಡು ಕಬ್ಬಿಣದ ಮಂಚ, ಒಂದು ಉದ್ದ ಬೆಂಚು, ಕುತ್ತಿಗೆ ಅಲ್ಲಾಡಿಸುತ್ತ ತಿರುಗುವ ಫ್ಯಾನು. ಮಧ್ಯಾಹ್ನ ಹಲವು ಊರುಗಳ ಗಾಡಿಗಳು ಅಲ್ಲಿ ಕೂಡಿದಾಗ ರೊಟ್ಟಿ ಬಿಚ್ಚುತ್ತಾರೆ, ಜೊತೆಗೆ ಕತೆಯನ್ನೂ ಬಿಚ್ಚುತ್ತಾರೆ. ಹೆಚ್ಚಾಗಿ ಮೊದಲು ಬಾಯಿ ತೆರೆಯುವವನು ಜಾಹೀದ್. ಅವನೂ ಡ್ರೈವರ್, ನಗಿಸುವುದರಲ್ಲಿ ಗಟ್ಟಿಗ.

ಈ ಮದುವೆ ಕಾಲದಲ್ಲಿ ಜಾಹೀದನ ಬಳಿ ಒಂದು ಹೊಸ ಕತೆ ಇತ್ತು. ಅವನ ಗಾಡಿಯಲ್ಲಿ ಹೊಸ ಮದುಮಕ್ಕಳು ಮಸ್ಕಿಗೆ ಹೊರಟಿದ್ದರಂತೆ. ಮೂರು ದಿನ ನಿದ್ದೆಗೆಟ್ಟ ಮದುಮಗ ಕಿಟಕಿಗೆ ಒರಗಿ ಗೊರಕೆ ಹೊಡೆದ. ಮಸ್ಕಿ ಬಂತು, ಬೀಗರೆಲ್ಲ ಇಳಿದರು. ಮದುಮಗಳು ಮಾತ್ರ ಅವನ ಮುಂದೆ ನಿಂತೇ ಇದ್ದಾಳೆ. ಗಂಡನ ಹೆಸರು ಹಿಡಿದು ಕರೆಯುವಂತಿಲ್ಲ, ಮಂದಿಯ ಮುಂದೆ ಮೈ ಮುಟ್ಟಿ ಎಬ್ಬಿಸುವಂತಿಲ್ಲ. ಬಳೆ ಅಲ್ಲಾಡಿಸಿ ನೋಡಿದಳು, ಕೆಮ್ಮಿ ನೋಡಿದಳು, ಕೊನೆಗೆ ಇಳಿದೇಬಿಟ್ಟಳು. ಮದುಮಗ ಲಿಂಗಸುಗೂರಿನಲ್ಲಿ ಕಣ್ಣುಬಿಟ್ಟು, ಬಾಸಿಂಗವನ್ನು ಕೈಚೀಲದಲ್ಲಿ ಮುಚ್ಚಿಟ್ಟುಕೊಂಡು ಇದೇ ಬೆಂಚಿನ ಮೇಲೆ ಕೂತು, ವಾಪಸ್ ಗಾಡಿ ಎಷ್ಟೊತ್ತಿಗೆ ಅಂತ ಕೇಳಿದನಂತೆ. ಜಾಹೀದ್ ಆ ಕೆಮ್ಮನ್ನು ಕೆಮ್ಮಿ ತೋರಿಸಿದಾಗ ರೊಟ್ಟಿ ತಿನ್ನುತ್ತಿದ್ದವರಿಗೆ ನೆತ್ತಿಗೇರಿತು.

ಎಲ್ಲರದೂ ಆದ ಮೇಲೆ ಸೂಗಪ್ಪನ ಸರದಿ. ಅವನ ಕತೆ ಹಳೆಯದು, ಎಲ್ಲರೂ ಕೇಳಿದ್ದೇ. ಆದರೂ ಹೊಸಬರು ಯಾರಾದರೂ ಇದ್ದರೆ ಅದನ್ನು ಹೇಳಿಸಿಯೇ ಬಿಡುತ್ತಿದ್ದರು. ಆ ದಿನ ಹೊಸಬಳೊಬ್ಬಳಿದ್ದಳು. ಸಿಂಧನೂರು ಕಡೆಯಿಂದ ಬಂದ ಕಂಡಕ್ಟರ್ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ವಾರವಾಗಿರಲಿಲ್ಲ. ಟಿಕೆಟ್ ಮಶೀನನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಗೆ ಕೂತು ಬುತ್ತಿ ಬಿಚ್ಚಿದ್ದಳು. ಎದೆಯ ಮೇಲಿನ ಪಟ್ಟಿಯಲ್ಲಿ ಸಂಘಮಿತ್ರಾ ಎಂದಿತ್ತು.

ಸೂಗಪ್ಪ ಶುರುಮಾಡಿದ. ಮಸ್ಕಿಯಿಂದ ಒಳಗೆ ಒಂದು ಊರಿಗೆ ವಸ್ತಿ ಗಾಡಿ ಇತ್ತು. ಸಂಜೆ ಹೋಗಿ, ಅಲ್ಲೇ ಮಲಗಿ, ಬೆಳಗಿನ ಮಂದಿಯನ್ನು ಕರೆತರುವ ಗಾಡಿ. ಒಂದು ಬೆಳಿಗ್ಗೆ ಊರಿನ ದೊಡ್ಡ ಮನೆಯ ಸೊಸೆಗೆ ಹೆರಿಗೆ ನೋವು ಬಂತು. ಮಳೆ ಹೊಯ್ದು ಹಳ್ಳ ತುಂಬಿತ್ತು. ಮಸ್ಕಿ ದವಾಖಾನೆಗೆ ಅದೊಂದೇ ದಾರಿ. ಅವನು ಚಪ್ಪಲಿ ಕಳಚಿ, ಬಡಿಗೆ ಹಿಡಿದು ನೀರಿಗಿಳಿದು ಆಳ ನೋಡಿದ. ಬಂದು ಫಸ್ಟ್ ಗೇರಿಗೆ ಹಾಕಿ ಗಾಡಿಯನ್ನು ಹಳ್ಳಕ್ಕೆ ಬಿಟ್ಟ. ನೀರಿನ ನಡುವೆ ಆಕ್ಸಿಲರೇಟರ್ ಮೇಲಿನ ಕಾಲು ಎತ್ತಿದರೆ ಮುಗಿಯಿತು, ಸೈಲೆನ್ಸರಿಗೆ ನೀರು ನುಗ್ಗುತ್ತದೆ. ಇದನ್ನು ಹೇಳುವಾಗ ಸೂಗಪ್ಪನ ಬಲಗಾಲು ನೆಲವನ್ನು ಒತ್ತಿ ಹಿಡಿಯುತ್ತಿತ್ತು, ಕೇಳುವವರೂ ತಮಗರಿವಿಲ್ಲದೆ ಕಾಲು ಒತ್ತುತ್ತಿದ್ದರು. ಗಾಡಿ ದಡ ಹತ್ತಿತು, ದವಾಖಾನೆ ಮುಟ್ಟಿತು, ಗಂಡು ಕೂಸು ಹುಟ್ಟಿತು. ಕೂಸಿಗೆ ಹೆಸರಿಟ್ಟ ದಿನ ಆ ಮನೆಯ ಯಜಮಾನ ಖುದ್ದಾಗಿ ಗಾಡಿಯ ತನಕ ಬಂದು ಊಟಕ್ಕೆ ಕರೆದ. ಒಳಗೆ ಮಣೆ ಹಾಕಿ, ಎಲೆ ಹಾಕಿ, ಹೋಳಿಗೆಯ ಮೇಲೆ ಕೈ ಬಿಚ್ಚಿ ತುಪ್ಪ ಸುರಿದರು.

ಕತೆ ಅಲ್ಲಿಗೆ ಮುಗಿಯಿತು. ಯಾರೋ ಭಲೇ ಎಂದರು. ಹುಡುಗಿ ಡಬ್ಬಿಯ ಮುಚ್ಚಳ ಹಾಕುತ್ತ ತಲೆಯೆತ್ತಿದಳು.

"ಆವತ್ತು ಕಂಡಕ್ಟರ್ ಯಾರಿದ್ರು ಕಾಕಾರ?"

"ಯಾರೋ ಒಬ್ಬಾಂವ ಇದ್ದ ತಂಗಿ. ಹೆಸರು ನೆನಪಿಲ್ಲ."

ಅವಳು ಹೂಂ ಎಂದಳು. ಕೈ ತೊಳೆದುಕೊಂಡು, ಮಶೀನು ಕೊರಳಿಗೆ ಹಾಕಿಕೊಂಡು ತನ್ನ ಗಾಡಿಗೆ ಹೋದಳು.

ಅವಳು ಹೋದ ಮೇಲೆ ಜಾಹೀದ್ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ ಹೇಳಿದ, ಪಾಪ, ಒಳ್ಳೆಯ ಹುಡುಗಿ, ವಳಕಮದಿನ್ನಿಯ ಅಂಬಪ್ಪ ಇದ್ದನಲ್ಲ ಡ್ರೈವರ್, ಅವನ ಮಗಳು, ತಂದೆ ಡ್ಯೂಟಿಯಲ್ಲಿದ್ದಾಗಲೇ ತೀರಿಕೊಂಡದ್ದಕ್ಕೆ ಅನುಕಂಪದ ಮೇಲೆ ನೌಕರಿ ಸಿಕ್ಕಿದೆ ಎಂದು.

ಸೂಗಪ್ಪ ಎದ್ದು ಫ್ಯಾನಿನ ಗುಂಡಿ ಒತ್ತಿದ. ಫ್ಯಾನು ಮೊದಲೇ ತಿರುಗುತ್ತಿತ್ತು, ಅದು ನಿಂತುಹೋಯಿತು. ಎಲ್ಲರೂ ಬೈದರು. ಅವನು ಮತ್ತೆ ಹಚ್ಚಿದ.

ಹಳ್ಳ ದಾಟಿಸಿದ್ದು ಅಂಬಪ್ಪ. ಚಪ್ಪಲಿ ಕಳಚಿ ನೀರಿಗಿಳಿದದ್ದು ಅಂಬಪ್ಪ. ಆಗ ಸೂಗಪ್ಪ ಅದೇ ಗಾಡಿಯ ಕಂಡಕ್ಟರ್. ಡ್ರೈವಿಂಗು, ಟಿಕೆಟ್ಟು ಎರಡೂ ಬಲ್ಲವರನ್ನು ಬೇಕಾದ ಕಡೆ ಹಾಕುತ್ತಿದ್ದ ದಿನಗಳು. ಅವನು ಬಾಗಿಲಲ್ಲಿ ನಿಂತು, ಸೀಟಿಯನ್ನು ಬಾಯಲ್ಲಿಟ್ಟುಕೊಂಡು, ಊದುವುದನ್ನೇ ಮರೆತು ನೀರು ನೋಡುತ್ತಿದ್ದ. ದಡ ಹತ್ತಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹುಚ್ಚರ ಹಾಗೆ ನಕ್ಕಿದ್ದರು. ಅವರು ಗೆಳೆಯರೇ. ಲೇ ಅಂಬ್ಯಾ, ಲೇ ಸೂಗ್ಯಾ ಎಂದೇ ಕರೆದುಕೊಳ್ಳುತ್ತಿದ್ದರು.

ವಸ್ತಿ ಗಾಡಿಯವರಿಗೆ ಊರಿನವರು ಊಟ ಹಾಕುವುದು ಈ ಕಡೆಯ ರೂಢಿ. ಸೂಗಪ್ಪ ಆ ಊರಿನಲ್ಲಿ ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದ. ಅಂಬಪ್ಪ ಮನೆಯಿಂದಲೇ ಬುತ್ತಿ ತಂದು ಗಾಡಿಯಲ್ಲಿ ಕೂತು ಉಣ್ಣುತ್ತಿದ್ದ. ಯಾಕೆಂದು ಸೂಗಪ್ಪ ಕೇಳಿರಲಿಲ್ಲ. ಗೊತ್ತಿದ್ದುದನ್ನು ಯಾರು ಕೇಳುತ್ತಾರೆ? ಆದರೆ ಹೆಸರಿಡುವ ದಿನ ಯಜಮಾನ ಬಂದು ಇಬ್ಬರೂ ಬರಬೇಕೆಂದು ಕೈಹಿಡಿದು ಕರೆದಿದ್ದ. ಆ ದಿನ ಅಂಬಪ್ಪ ಬುತ್ತಿ ಬಿಚ್ಚಲಿಲ್ಲ. ಖಾಕಿ ತೆಗೆದಿಟ್ಟು, ಚೀಲದ ತಳದಿಂದ ಒಗೆದ ಬಿಳಿ ಅಂಗಿ ತೆಗೆದು ತೊಟ್ಟುಕೊಂಡ. ಗಾಡಿಯ ಕನ್ನಡಿಯಲ್ಲಿ ಬಾಗಿ ತಲೆ ಬಾಚಿಕೊಂಡ.

ಹೊಸ್ತಿಲಲ್ಲಿ ಆ ಮನೆಯ ಮುದುಕಿ ಕೂತಿದ್ದಳು. ಸೂಗಪ್ಪನ ಹಣೆ ನೋಡಿ ಬಾ ಎಂದಳು. ಅಂಬಪ್ಪನನ್ನು, ನೀವು ಯಾರ ಪೈಕಿ, ಎಂದು ಕೇಳಿದಳು. ಅವನು ಮುಚ್ಚಿಡದೆ ಹೇಳಿದ. ಯಾರೂ ಕೆಟ್ಟ ಮಾತಾಡಲಿಲ್ಲ. ಯಜಮಾನ ನೆಲ ನೋಡಿದ. ಒಳಗೆ ಹಾಕಿದ್ದ ಎರಡು ಎಲೆಗಳಲ್ಲಿ ಒಂದನ್ನು ಯಾರೋ ಎತ್ತಿ ತಂದು ಹೊರಗಿನ ಕಟ್ಟೆಯ ಮೇಲೆ ಹಾಸಿದರು. ಅದೇ ಹೋಳಿಗೆ, ಅದೇ ತುಪ್ಪ. ಸ್ವಲ್ಪ ಎತ್ತರದಿಂದ ಬಡಿಸಿದರು, ಅಷ್ಟೇ. ಸೂಗಪ್ಪ ಹೊಸ್ತಿಲ ಮೇಲೆ ನಿಂತು ತಿರುಗಿ ನೋಡಿದ.

"ಹೋಗಲೇ ಸೂಗ್ಯಾ. ನನ್ನ ಮಾರಿ ಏನ್ ನೋಡ್ತಿ? ತುಪ್ಪ ಆರ್ತದ," ಎಂದ ಅಂಬಪ್ಪ.

ಸೂಗಪ್ಪ ಒಳಗೆ ಹೋದ. ಹೋದವನು ಸುಮ್ಮನೆ ಉಣ್ಣಲಿಲ್ಲ. ಮನೆಯವರ ಮುಜುಗರ ಕಳೆಯಲೆಂದು ಏನೇನೋ ಮಾತಾಡಿದ, ನಗಿಸಿದ, ನಕ್ಕ. ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಆಮೇಲೆ ಅಂಬಪ್ಪ ಡಿಪೋದಲ್ಲಿ ಹಳ್ಳದ ಕತೆ ಹೇಳುತ್ತಿದ್ದ, ಆದರೆ ದವಾಖಾನೆಯ ಬಾಗಿಲಲ್ಲಿ ನಿಲ್ಲಿಸುತ್ತಿದ್ದ. ಅವನಿಗೆ ಬೇರೆ ಕಡೆ ವರ್ಗವಾಯಿತು, ಅವನ ಬಾಯಿಂದ ಕೇಳಿದವರೂ ಒಬ್ಬೊಬ್ಬರಾಗಿ ಚದುರಿದರು. ಕತೆ ಕೇಳುವವರು ಸೂಗಪ್ಪನನ್ನು ಕೇಳತೊಡಗಿದರು. ಮೊದಮೊದಲು ಅವನು "ನಾವು" ಎಂದೇ ಹೇಳುತ್ತಿದ್ದ. ನಾವು ಹಳ್ಳ ದಾಟಿದೆವು, ನಾವು ಉಂಡೆವು. ಊಟದ ಜಾಗ ಬಂದಾಗ ಆ "ನಾವು" ಎಡವುತ್ತಿತ್ತು. ಒಂದು ದಿನ "ನಾ" ಎಂದ. ಕತೆ ಸಲೀಸಾಗಿ ಓಡಿತು. ಒಬ್ಬನೇ ಇದ್ದರೆ ಹೊರಗೆ ಯಾರನ್ನೂ ಕೂರಿಸಬೇಕಾಗಿರಲಿಲ್ಲ. ಒಳಗೆ ಉಂಡವನೇ ಹಳ್ಳ ದಾಟಿಸಿದವನೂ ಆಗಬೇಕಾಯಿತು, ಹೀಗೆ ಸ್ಟೇರಿಂಗೂ ಅವನ ಕೈಗೆ ಬಂತು. ಹೇಳಿ ಹೇಳಿ ಅವನ ಬಲಗಾಲಿಗೆ ಆ ಹಳ್ಳದ ನೀರಿನ ತಣ್ಣಗಿನ ನೆನಪೂ ಬಂದಿತ್ತು.

ಆ ಮಧ್ಯಾಹ್ನದ ಮೇಲೆ ಸೂಗಪ್ಪ ವಿಶ್ರಾಂತಿ ಕೋಣೆಗೆ ಹೋಗುವುದನ್ನು ಬಿಟ್ಟ. ಗಾಡಿಯಲ್ಲೇ ಕೂತು ರೊಟ್ಟಿ ತಿಂದ. ತಿನ್ನುವಾಗ, ಗಾಡಿಯಲ್ಲಿ ಒಬ್ಬನೇ ಕೂತು ಉಣ್ಣುವುದು ಹೇಗಿರುತ್ತದೆಂದು ತಿಳಿದು ಅರ್ಧಕ್ಕೇ ಬುತ್ತಿ ಕಟ್ಟಿಟ್ಟ. ಜಾಹೀದ್ ಕಿಟಕಿಗೆ ಬಡಿದು, ಮನೆಯಲ್ಲಿ ಜಗಳವೇನು ಎಂದು ಕೆಣಕಿದ. ಮನೆಯಲ್ಲಿ ವೀರಭದ್ರಮ್ಮ ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ. ಸಂಘಮಿತ್ರಾ ಎದುರಾದಾಗಲೆಲ್ಲ ನಮಸ್ಕಾರ ಕಾಕಾರ ಎನ್ನುತ್ತಿದ್ದಳು. ಅವಳ ನಮಸ್ಕಾರದಲ್ಲಿ ಏನೂ ಇರಲಿಲ್ಲ, ಅದೇ ಅವನಿಗೆ ಕಷ್ಟವಾಗುತ್ತಿತ್ತು. ಅವಳ ಜೊತೆ ತನಗೆ ಡ್ಯೂಟಿ ಬೀಳದಂತೆ ನೋಡಿ ಎಂದು ಕೇಳಲು ಡಿಪೋ ಕಚೇರಿಯ ಬಾಗಿಲ ತನಕ ಹೋದ. ಕಾರಣ ಕೇಳಿದರೆ ಏನು ಹೇಳುವುದೆಂದು ಹೊಳೆಯದೆ ತಿರುಗಿ ಬಂದ.

ಡ್ಯೂಟಿ ಬಿದ್ದೇ ಬಿತ್ತು. ಸಿಂಧನೂರಿನಿಂದ ಲಿಂಗಸುಗೂರಿಗೆ, ಬೆಳಗಿನ ಗಾಡಿ. ಹೆಂಗಸರೇ ತುಂಬಿದ್ದರು. ಸಂಘಮಿತ್ರಾ ಆ ಗದ್ದಲದೊಳಗೆ ದನಿ ಏರಿಸದೆ ದಾರಿ ಮಾಡಿಕೊಂಡು, ಆಧಾರ್ ಕಾರ್ಡು ನೋಡಿ ಫ್ರೀ ಟಿಕೆಟ್ ಕೊಡುತ್ತಾ ಹಿಂದಿನ ತನಕ ಹೋಗಿ ಬಂದಳು. ಸೂಗಪ್ಪ ಕನ್ನಡಿಯಲ್ಲಿ ನೋಡಿದ. ಅಂಬಪ್ಪನದೇ ನಿಲುವು, ಒಂದು ಭುಜ ತುಸು ಇಳಿದದ್ದು. ದಾರಿಯುದ್ದಕ್ಕೂ ಅವನು ಒಮ್ಮೆಯೂ ಯಾರನ್ನೂ ಬಯ್ಯಲಿಲ್ಲ. ಮುಂದೆ ಕೂತ ಮುದುಕನೊಬ್ಬ, ಡ್ರೈವರ್ ಸಾಹೇಬ್ರು ಮೌನವ್ರತ ಏನೋ, ಎಂದ.

ಮಸ್ಕಿಯಲ್ಲಿ ಗಾಡಿ ಚಹಾಕ್ಕೆ ನಿಂತಿತು. ಸೂಗಪ್ಪ ಇಳಿದು ಟೈರುಗಳನ್ನು ಒದ್ದು ನೋಡುತ್ತ ಗಾಡಿಯ ಹಿಂಬದಿಗೆ ಹೋದ. ಅವಳು ಎರಡು ಕಪ್ ಚಹಾ ಹಿಡಿದು ಅಲ್ಲಿಗೇ ಬಂದಳು. ಅವನ ಕೈ ಏಳಲು ಒಂದು ಕ್ಷಣ ತಡವಾಯಿತು. ತಡವಾದದ್ದು ನಾಚಿಕೆಗೆ. ಆದರೆ ಅವಳು ಅದಕ್ಕೆ ಬೇರೆ ಅರ್ಥ ಹಚ್ಚಿರಬಹುದೆಂದು ಹೊಳೆದಾಗ ಸೂಗಪ್ಪನ ಕಿವಿಯ ತನಕ ಬಿಸಿಯೇರಿತು. ಅವಸರದಲ್ಲಿ ಕಪ್ಪು ಇಸಿದುಕೊಂಡು ಬಾಯಿ ಸುಟ್ಟುಕೊಂಡ.

ಸಂಘಮಿತ್ರಾ ಚಹಾ ಕುಡಿಯುತ್ತ ನಿಂತಳು. ಆಮೇಲೆ ನಿಧಾನವಾಗಿ ಹೇಳಿದಳು. ಮನೆಯಲ್ಲಿ ಅಪ್ಪನೂ ಆ ಹಳ್ಳದ ಕತೆ ಹೇಳುತ್ತಿದ್ದ, ಕಂಡಕ್ಟರ್ ಯಾರೆಂದೂ ಹೇಳುತ್ತಿದ್ದ, ನಗುತ್ತಲೇ ಹೇಳುತ್ತಿದ್ದ. ಕೂಸು ಹುಟ್ಟಿತು ಅನ್ನುವಲ್ಲಿಗೆ ಎದ್ದುಬಿಡುತ್ತಿದ್ದ. ಅವರು ಕರೆದು ಉಣ್ಣಿಸಲಿಲ್ಲವೇನು ಎಂದು ಅವ್ವ ಜೋಗಮ್ಮ ಎಷ್ಟು ಸಲ ಕೇಳಿದರೂ ಮಾತು ತೇಲಿಸಿಬಿಡುತ್ತಿದ್ದ. ಊಟದ ಸುದ್ದಿಯನ್ನು ತಾನು ಮೊದಲ ಸಲ ಕೇಳಿದ್ದು ಲಿಂಗಸುಗೂರಿನ ಕೋಣೆಯಲ್ಲಿ. ಮನೆಗೆ ಹೋಗಿ ಅದನ್ನು ಅವ್ವನಿಗೂ ಹೇಳಿದ್ದಳಂತೆ.

ಸೂಗಪ್ಪ ನೆಲ ನೋಡುತ್ತಿದ್ದ.

"ಗಾಡಿ ನೀವ ನಡಸಿದ್ರಿ ಅಂತನ ಹೇಳ್ಕೋರಿ ಕಾಕಾರ. ಅಪ್ಪ ಇದ್ದಿದ್ರೂ ನಕ್ಕು ಸುಮ್ಮನಾಗ್ತಿದ್ದ. ನಂಗ ಒಂದ ಮಾತು ಬೇಕ್ರಿ. ಅವ್ವ ಕೇಳಿ ಬಾ ಅಂದಾಳ," ಎಂದಳು ಅವಳು. ಆಮೇಲೆ ಕೇಳಿದಳು. "ಆ ಮನ್ಯಾಗ ನಮ್ಮಪ್ಪನ್ನೂ ಒಳಗ ಕೂಡ್ಸಿದ್ರೇನ್ರೀ?"

ಹೌದವ್ವ, ನನ್ನ ಮಗ್ಗುಲಿಗೇ ಕೂಡಿಸಿದ್ದರು ಎಂದರೆ ಆಗಿಹೋಗುತ್ತಿತ್ತು. ಅವನಿಗೆ ಅದು ಕಷ್ಟದ ಕೆಲಸವಲ್ಲ. ಆ ಮಣೆ, ಆ ಎಲೆ, ಆ ತುಪ್ಪ ಎಲ್ಲ ನಾಲಿಗೆಯ ತುದಿಯಲ್ಲೇ ಇದ್ದವು, ಇನ್ನೊಂದು ಮಣೆ ಹಾಕಿದರೆ ಸಾಕು. ಸಂಜೆ ವಳಕಮದಿನ್ನಿಯಲ್ಲಿ ಒಬ್ಬ ಹೆಂಗಸು ಅದನ್ನು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆದರೆ ಅಂಬಪ್ಪ ಬದುಕಿರುವ ತನಕ ಆಡದ ಸುಳ್ಳನ್ನು ಅವನ ಮನೆಗೆ ಇವನು ಕಳಿಸಿದಂತಾಗುತ್ತಿತ್ತು.

ಹುಡುಗಿ ಕಾಯುತ್ತಿದ್ದಳು. ಖಾಲಿ ಕಪ್ಪನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದಳು.

"ಅಂಬಪ್ಪನವರು," ಎಂದ ಸೂಗಪ್ಪ. ಆ ಹೆಸರನ್ನು ಹಾಗೆ ಅವನು ಎಂದೂ ಕರೆದಿರಲಿಲ್ಲ. ಎಂಥ ಗದ್ದಲದಲ್ಲೂ ಕೇಳುವ ಅವನ ದನಿಗೆ ಅವಳು ಕಿವಿ ಹತ್ತಿರ ತರಬೇಕಾಯಿತು. "ಅಂಬಪ್ಪನವರು ಬಿಳಿ ಅಂಗಿ ಹಾಕ್ಕೊಂಡು ಬಂದಿದ್ರವ್ವ. ಎಲಿ ಎರಡೂ ಒಳಗ ಹಾಕಿದ್ರು. ಆಮ್ಯಾಲ ಒಂದು ಎಲಿ ಹೊರಗ ಕಟ್ಟಿ ಮ್ಯಾಲ ಬಂತು."

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಸೂಗಪ್ಪ ಚಹಾದ ಕಪ್ಪನ್ನು ಗಾಡಿಯ ಬಂಪರಿನ ಮೇಲಿಟ್ಟ. "ನಾ ಹೊಸ್ತಿಲದಾಗ ನಿಂತಿದ್ದೆ, ನಾ ಅವರನ್ನ ಬಿಟ್ಟು" ಎನ್ನುತ್ತ, ಮಾತು ಮುಗಿಸದೆ, ಗಾಡಿಯ ಮಂದಿಯನ್ನೂ ಮರೆತು, ಡ್ರೈವರ್ ಬಾಗಿಲನ್ನೂ ದಾಟಿ ರಸ್ತೆಯ ಕಡೆ ನಡೆದುಬಿಟ್ಟ.